ಪಾಲಿಕೆ ನೌಕರರ ಜೊತೆ ಮಾಡಿಕೊಂಡ ರಾಜಿ ಒಪ್ಪಂದ: ಎಷ್ಟು ದುಡ್ಡು ಕೊಟ್ಟರು ಅಂತ ಕೇಳುವ ಹಕ್ಕು ನಮಗಿಲ್ವಾ?

ರಘು, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮುಂಬೈ ಸುತ್ತಲಿನ ಒಂದು ನಗರಪಾಲಿಕೆ. ಹೆಸರು ಬೇಡ. ಅಲ್ಲಿನ ಒಬ್ಬ ಇಂಜಿನಿಯರನ್ನು ಇಲಾಖಾ ವಿಚಾರಣೆ ಮಾಡಿ ಕೆಲಸದಿಂದ ತೆಗೆದರು. ನಮ್ಮ ಏರಿಯಾದ ಚರಂಡಿ ಕಾಮಗಾರಿ ಅವರ ಕೈಯಲ್ಲೇ ಇತ್ತು, ಹಾಗಾಗಿ ಸೊಸೈಟಿಯಲ್ಲಿ ಎಲ್ಲರಿಗೂ ವಿಷಯ ಗೊತ್ತು. ಅವರು ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಎರಡೂ ಕಡೆಯವರು ರಾಜಿ ಆದರು. ಪಾಲಿಕೆ ದುಡ್ಡು ಕೊಟ್ಟಿತು. ಎಷ್ಟು ಕೊಟ್ಟಿರಿ, ಯಾಕೆ ಕೊಟ್ಟಿರಿ, ಒಪ್ಪಿಗೆ ಕೊಟ್ಟವರು ಯಾರು ಅಂತ ನಾನು ಮಾಹಿತಿ ಹಕ್ಕಿನಲ್ಲಿ ಕೇಳಿದೆ.

ಬಂದ ಉತ್ತರ ಇಷ್ಟೇ: ದುಡ್ಡು ಪಾವತಿ ಆಗಿರುವುದು ನಿಜ, ಆದರೆ ವಿವರ ವೈಯಕ್ತಿಕ ಮಾಹಿತಿ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ಪ್ರಕಾರ ಕೊಡಲು ಬರುವುದಿಲ್ಲ. ಒಪ್ಪಂದದಲ್ಲಿ ಗೋಪ್ಯತೆಯ ಷರತ್ತೂ ಇದೆ.

ತಪ್ಪು ಆ ಇಂಜಿನಿಯರದ್ದಾಗಿದ್ದರೆ ದುಡ್ಡು ಯಾಕೆ ಕೊಡಬೇಕಿತ್ತು? ತಪ್ಪು ಪಾಲಿಕೆಯದ್ದಾಗಿದ್ದರೆ ಅವರನ್ನು ಸುಮ್ನೆ ತೆಗೆದುಹಾಕಿದವರು ಯಾರು? ಎರಡರಲ್ಲಿ ಒಂದು ಇರಲೇಬೇಕಲ್ವಾ? ಎರಡೂ ಸಂದರ್ಭದಲ್ಲಿ ದುಡ್ಡು ಮಾತ್ರ ನಮ್ಮದು. ಅಪೀಲು ಹಾಕಿದರೆ ಪ್ರಯೋಜನ ಇದೆಯಾ? ಅನುಭವ ಇರುವವರು ಹೇಳಿ.

ಶಶಿಕಲಾ, ಮುಲುಂಡ್

ಹಾಕಿ. ಮನೆ ತೆರಿಗೆ ಕಟ್ಟುವಾಗ ಒಂದು ರೂಪಾಯಿಯ ಲೆಕ್ಕ ಕೇಳ್ತಾರೆ. ಅವರು ಖರ್ಚು ಮಾಡಿದ್ದಕ್ಕೂ ಲೆಕ್ಕ ಕೊಡಲಿ.

ಪ್ರಭಾ, ವಕೀಲೆ, ಠಾಣೆ

ರಘು ಅವರೇ, ಖಂಡಿತ ಅಪೀಲು ಹಾಕಿ. ಉತ್ತರ ಕೈಗೆ ಬಂದ 30 ದಿನದೊಳಗೆ ಹಾಕಬೇಕು. ನಮ್ಮ ಮಹಾರಾಷ್ಟ್ರದಲ್ಲಿ ಅಪೀಲಿಗೆ 20 ರೂಪಾಯಿಯ ಕೋರ್ಟ್ ಫೀ ಸ್ಟಾಂಪು. ಆನ್‌ಲೈನ್‌ನಲ್ಲೂ ಹಾಕಬಹುದು.

ಈಗ ತಿರುಳು ಹೇಳ್ತೀನಿ. 8(1)(ಜೆ) ಮೊದಲು ಹೇಗಿತ್ತು ಅಂದರೆ, ವೈಯಕ್ತಿಕ ಮಾಹಿತಿಗೆ ಸಾರ್ವಜನಿಕ ಕೆಲಸದ ಜೊತೆ ಸಂಬಂಧವೇ ಇಲ್ಲದಿದ್ದರೆ, ಅಥವಾ ಅದನ್ನು ಕೊಟ್ಟರೆ ಯಾರದೋ ಖಾಸಗಿತನಕ್ಕೆ ಸುಮ್ಮಸುಮ್ಮನೆ ಧಕ್ಕೆ ಆಗುವಂತಿದ್ದರೆ ಮಾತ್ರ ಕೊಡಬೇಕಾಗಿಲ್ಲ ಅಂತ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 44(3)ನೇ ಕಲಂ ಅದನ್ನು ಕತ್ತರಿಸಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಈಗ ಅಲ್ಲಿ ಉಳಿದಿರುವುದು ವೈಯಕ್ತಿಕ ಮಾಹಿತಿಗೆ ವಿನಾಯಿತಿ ಅನ್ನುವಷ್ಟೇ. ಅದಕ್ಕೇ ಮಾಹಿತಿ ಅಧಿಕಾರಿಗಳಿಗೆ ಧೈರ್ಯ ಜಾಸ್ತಿ ಆಗಿದೆ.

ಆದರೆ 8(2) ಹಾಗೇ ಇದೆ. ಮಾಹಿತಿ ಕೊಡುವುದರಿಂದ ಜನರಿಗೆ ಆಗುವ ಒಳ್ಳೆಯದು ಅದರಿಂದ ಆಗುವ ಹಾನಿಗಿಂತ ಜಾಸ್ತಿ ಇದ್ದರೆ, ವಿನಾಯಿತಿ ಇದ್ದರೂ ಕೊಡಬಹುದು. ಅಪೀಲಿನಲ್ಲಿ ಇದನ್ನೇ ಮುಖ್ಯವಾಗಿ ಬರೆಯಿರಿ. ಜೊತೆಗೆ 10ನೇ ಕಲಂ. ಕೊಡಬಾರದ ಭಾಗವನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು ಅನ್ನುತ್ತದೆ. ಇನ್ನೊಂದು 19(5). ನಿರಾಕರಿಸಿದ್ದು ಸರಿ ಅಂತ ಸಾಬೀತು ಮಾಡುವ ಹೊಣೆ ಮಾಹಿತಿ ಅಧಿಕಾರಿಯದ್ದು, ನಿಮ್ಮದಲ್ಲ.

ಗೋಪ್ಯತೆಯ ಷರತ್ತಿಗೆ ಹೆದರಬೇಡಿ. ಯಾವ ಮಾಹಿತಿ ಕೊಡಬಾರದು ಅನ್ನುವುದು 8 ಮತ್ತು 9ನೇ ಕಲಮಿನಲ್ಲಿ ಇದೆ. ಇಬ್ಬರು ಕೂತು ಕಾಗದದ ಮೇಲೆ ಗೋಪ್ಯ ಅಂತ ಬರೆದುಕೊಂಡರೆ ಆ ಪಟ್ಟಿಗೆ ಹೊಸದೊಂದು ಸೇರುವುದಿಲ್ಲ.

ಸದಾನಂದ, ನಿವೃತ್ತ ಮೇಷ್ಟ್ರು, ವಡಾಲಾ

ಎಲ್ಲರೂ ಒಂದೇ ಕಡೆ ಮಾತಾಡ್ತಿದ್ದೀರಿ. ನಾನು ಇನ್ನೊಂದು ಕಡೆ ಹೇಳಲೇಬೇಕು.

ನನ್ನ ಭಾವಮೈದ ಬೇರೆ ಊರಿನ ಒಂದು ನಗರಸಭೆಯಲ್ಲಿ ಗುಮಾಸ್ತ ಆಗಿದ್ದ. ಮೇಲಿನವರು ಮಾಡಿದ್ದನ್ನು ಇವನ ತಲೆಗೆ ಕಟ್ಟಿ ಸಸ್ಪೆಂಡ್ ಮಾಡಿದರು. ವರ್ಷಗಟ್ಟಲೆ ಅರ್ಧ ಪಗಾರದಲ್ಲಿ ಮನೆ ನಡೆಸಿದ. ಮಗಳ ಮದುವೆ ಮುಂದೆ ಹೋಯಿತು. ಕೊನೆಗೆ ರಾಜಿ ಆಯಿತು, ಬಾಕಿ ಪಗಾರ ಕೊಟ್ಟರು, ಅವನು ಸ್ವಯಂನಿವೃತ್ತಿ ತಗೊಂಡ. ಆಮೇಲೆ ಯಾರೋ ಆ ಮೊತ್ತವನ್ನು ಊರಲ್ಲೆಲ್ಲ ಹಬ್ಬಿಸಿದರು. ಅವನು ತಿಂದಿದ್ದಾನೆ, ಅದಕ್ಕೇ ದುಡ್ಡು ಕೊಟ್ಟು ಕಳಿಸಿದ್ದಾರೆ ಅನ್ನುವ ಮಾತು ಇವತ್ತಿಗೂ ಇದೆ. ಅದು ಅವನ ದುಡ್ಡು ಕಣಪ್ಪಾ. ದುಡಿದ ಪಗಾರ. ಅದನ್ನು ಪರಿಹಾರ ಅಂತ ಜನ ನೋಡಲಿಲ್ಲ, ಲಂಚದ ಹಾಗೆ ನೋಡಿದರು.

ರಘು, ನೀವು ಎರಡರಲ್ಲಿ ಒಂದು ಇರಲೇಬೇಕು ಅಂದಿರಿ. ಹಾಗಿಲ್ಲ. ಎಷ್ಟೋ ಸಲ ಕೇಸು ಎಳೆದರೆ ವಕೀಲರ ಫೀಸೇ ಜಾಸ್ತಿ ಆಗುತ್ತದೆ ಅಂತ ರಾಜಿ ಮಾಡುತ್ತಾರೆ. ಯಾರ ತಪ್ಪು ಅನ್ನುವುದು ತೀರ್ಮಾನವೇ ಆಗಿರುವುದಿಲ್ಲ.

ರಘು, ಡೊಂಬಿವಲಿ

ಮೇಷ್ಟ್ರೇ, ನಿಮ್ಮ ಭಾವಮೈದನ ವಿಷಯ ಓದಿ ಬೇಜಾರಾಯಿತು. ಆದರೆ ನೋಡಿ, ಊರಲ್ಲಿ ಹಬ್ಬಿದ್ದು ಮೊತ್ತ ಮಾತ್ರ. ಕಾರಣ ಹಬ್ಬಲಿಲ್ಲ. ಬಾಕಿ ಪಗಾರ ಅಂತ ನಗರಸಭೆಯೇ ಬರೆದು ಹಾಕಿದ್ದರೆ ಅವರ ಮೇಲೆ ಆ ಮಾತು ಬರುತ್ತಿತ್ತಾ?

ಕೃಷ್ಣ, ಘಾಟ್ಕೋಪರ್

ಮೇಷ್ಟ್ರು ಹೇಳಿದ್ದರಲ್ಲಿ ನ್ಯಾಯ ಇದೆ. ಕೆಲಸ ಕಳಕೊಂಡವನ ಹೆಸರು ಬೀದಿಗೆ ತರಬಾರದು.

ಶಶಿಕಲಾ, ಮುಲುಂಡ್

ಕೃಷ್ಣ ಅವರೇ, ಹೆಸರು ಯಾರು ಕೇಳಿದರು? ಮೊತ್ತ ಕೇಳಿದ್ದು.

ಕೃಷ್ಣ, ಘಾಟ್ಕೋಪರ್

ರಘು ಅವರ ಏರಿಯಾದಲ್ಲಿ ಎಲ್ಲರಿಗೂ ಆ ಇಂಜಿನಿಯರ್ ಯಾರು ಅಂತ ಗೊತ್ತಲ್ವಾ? ಅಂದ ಮೇಲೆ ಮೊತ್ತ ಹೇಳಿದರೂ ಹೆಸರು ಹೇಳಿದ ಹಾಗೇ ಆಯಿತು.

ವಿಠ್ಠಲ, ಪರೇಲ್

ಪಗಾರವೇ ಗುಟ್ಟಲ್ಲ, ಅದು ನೆನಪಿರಲಿ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಅಧಿಕಾರಿ, ನೌಕರನ ತಿಂಗಳ ಸಂಬಳ ಎಷ್ಟು ಅಂತ ಯಾರೂ ಕೇಳದೆಯೇ ಕಚೇರಿ ಪ್ರಕಟಿಸಬೇಕು. 2005ರಿಂದ ಇದೆ. ಸೇವೆಯಲ್ಲಿರುವಾಗ ಕೊಡುವ ಪಗಾರ ಬಹಿರಂಗ, ಕಳಿಸುವಾಗ ಕೊಡುವ ದೊಡ್ಡ ಗಂಟು ಮಾತ್ರ ಗೋಪ್ಯ ಅಂದರೆ ಹೇಗೆ? ನಾನು ಒಪ್ಪುವುದಿಲ್ಲ.

ಇನ್ನೊಂದು. ನಾವು ಎರಡು ಬೇರೆ ವಿಷಯ ಒಟ್ಟಿಗೆ ಸೇರಿಸುತ್ತಿದ್ದೇವೆ. ನಮ್ಮಪ್ಪ ಮುಂಬೈನ ಸಿಟಿ ಬಸ್ ಸಂಸ್ಥೆ ಬೆಸ್ಟ್‌ನಲ್ಲಿ ಕಂಡಕ್ಟರ್ ಆಗಿದ್ದವರು. ನಮ್ಮ ಮನೆಯಲ್ಲಿ ಸೆಟಲ್‌ಮೆಂಟ್ ಅಂದರೆ ಯೂನಿಯನ್ ಜೊತೆ ಆಗುವ ಪಗಾರದ ಒಪ್ಪಂದ. ಅದು ಒಬ್ಬರದ್ದಲ್ಲ, ಸಾವಿರಾರು ಜನರದ್ದು. 2019ರ ಜನವರಿಯಲ್ಲಿ ಬೆಸ್ಟ್ ನೌಕರರು 9 ದಿನ ಮುಷ್ಕರ ಮಾಡಿದ್ದು ನೆನಪಿದೆಯಾ? ಹೈಕೋರ್ಟ್ ನಡುವೆ ಬಂದ ಮೇಲೆ ಮುಗಿಯಿತು. ಆಗ ಯಾವ ಬೇಡಿಕೆಗೆ ಏನು ಅಂತ ಎಲ್ಲ ಪೇಪರಿನಲ್ಲೂ ಬಂತು. ದೀಪಾವಳಿಗೆ ಮುಂಬೈ ಪಾಲಿಕೆ ಕೊಡುವ ಸಾನುಗ್ರಹ ಅನುದಾನ, ಅಂದರೆ ಬೋನಸ್, ಅದೂ ಹಾಗೇ. 2024ರಲ್ಲಿ 29,000 ರೂಪಾಯಿ, 2025ರಲ್ಲಿ 31,000. ಪಾಲಿಕೆಯೇ ಘೋಷಣೆ ಮಾಡುತ್ತದೆ. ಅದರಲ್ಲಿ ಯಾರ ಖಾಸಗಿತನಕ್ಕೂ ಧಕ್ಕೆ ಆಗಿಲ್ಲ.

ಮಲ್ಲಣ್ಣ, ಚೆಂಬೂರು

ವಿಠ್ಠಲ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮುಂಬೈ ಪಾಲಿಕೆಯ ಕಸ ಎತ್ತುವ 2,700 ಗುತ್ತಿಗೆ ಕಾರ್ಮಿಕರ ಕೇಸು. ಕಚರಾ ವಾಹತುಕ್ ಶ್ರಮಿಕ್ ಸಂಘದವರು ಹೋರಾಡಿದರು. 2014ರಲ್ಲಿ ಕೈಗಾರಿಕಾ ನ್ಯಾಯಮಂಡಳಿ ಅವರನ್ನು ಕಾಯಂ ಮಾಡಿ ಅಂತು. 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ಕೆಲಸದಲ್ಲಿ ನಮ್ಮ ಕಲಬುರ್ಗಿ, ವಿಜಯಪುರ ಕಡೆಯಿಂದ ಬಂದವರೂ ಇದ್ದಾರೆ. ತೀರ್ಪು ಬಹಿರಂಗವಾಗಿ ಇದ್ದದ್ದರಿಂದಲೇ ಬೇರೆ ಪಾಲಿಕೆಗಳ ಸಫಾಯಿ ಕಾರ್ಮಿಕರೂ ಅದನ್ನು ತೋರಿಸಿ ಹಕ್ಕು ಕೇಳಬಹುದು. ಅದೇ ಗುಟ್ಟಿನ ಒಪ್ಪಂದ ಆಗಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಅದಕ್ಕೇ ನಾನು ಹೇಳುವುದು, ಗುಟ್ಟಿನಿಂದ ಲಾಭ ಆಗುವುದು ನೌಕರನಿಗಲ್ಲ. ಮೇಲೆ ಕೂತವರಿಗೆ. ಒಬ್ಬೊಬ್ಬರನ್ನೇ ಕರೆದು, ಇಷ್ಟು ತಗೋ, ಯಾರಿಗೂ ಹೇಳಬೇಡ ಅನ್ನುತ್ತಾರೆ. ಪಕ್ಕದವನಿಗೆ ಎಷ್ಟು ಕೊಟ್ಟರು ಅಂತ ಗೊತ್ತಿಲ್ಲದೆ ಬಡವ ಕಡಿಮೆಗೆ ಸಹಿ ಹಾಕುತ್ತಾನೆ.

ನರೇಂದ್ರ, ಐರೋಲಿ

ಆಡಳಿತದ ಕಡೆಯಿಂದಲೂ ಒಂದು ಮಾತು. ನಾನು ಖಾಸಗಿ ಕಂಪನಿಯಲ್ಲಿ ಎಚ್‌ಆರ್ ವಿಭಾಗದಲ್ಲಿ ಇದ್ದೇನೆ. ಒಬ್ಬನಿಗೆ ಕೊಟ್ಟ ಮೊತ್ತ ಹೊರಗೆ ಬಂದರೆ ಮುಂದಿನ ಎಲ್ಲರೂ ಅಷ್ಟನ್ನೇ ಹಿಡಿದು ಕೂರುತ್ತಾರೆ. ರಾಜಿ ಆಗುವುದೇ ಕಷ್ಟ. ಕೇಸುಗಳು ಇನ್ನೂ ಬೆಳೆಯುತ್ತವೆ, ಖರ್ಚು ಇನ್ನೂ ಜಾಸ್ತಿ. ಅದೂ ನಿಮ್ಮದೇ ತೆರಿಗೆ ದುಡ್ಡು.

ಮಲ್ಲಣ್ಣ, ಚೆಂಬೂರು

ನರೇಂದ್ರ ಅವರೇ, ಕಂಪನಿ ಮಾಲೀಕ ತನ್ನ ದುಡ್ಡು ಕೊಡುತ್ತಾನೆ. ಪಾಲಿಕೆಗೆ ಮಾಲೀಕರು ಯಾರು? ನಾವೇ ತಾನೆ. ಒಂದೇ ತರಹದ ಅನ್ಯಾಯಕ್ಕೆ ಇಬ್ಬರು ನೌಕರರು ಒಂದೇ ತರಹದ ಪರಿಹಾರ ಕೇಳಿದರೆ ಅದು ತಪ್ಪಾ?

ನರೇಂದ್ರ, ಐರೋಲಿ

ತಪ್ಪು ಅನ್ನಲಿಲ್ಲ. ಪ್ರತಿ ಕೇಸಿನ ಬಲ ಬೇರೆ ಬೇರೆ ಇರುತ್ತದೆ ಅಂದೆ. ಮೊತ್ತ ನೋಡುವವರು ಆ ಬಲ ನೋಡುವುದಿಲ್ಲ.

ಪ್ರಭಾ, ವಕೀಲೆ, ಠಾಣೆ

ನರೇಂದ್ರ ಅವರ ಮಾತಿಗೆ ಕೋರ್ಟೇ ಅರ್ಧ ಉತ್ತರ ಕೊಟ್ಟಿದೆ. ತಪ್ಪಾಗಿ ಕೆಲಸದಿಂದ ತೆಗೆದದ್ದು ಅಂತ ಸಾಬೀತಾಗಿ ವಾಪಸ್ ತಗೊಂಡರೆ ಬಾಕಿ ಸಂಬಳ ಕೊಡುವುದೇ ಸಾಮಾನ್ಯ ನಿಯಮ ಅಂತ ಸುಪ್ರೀಂ ಕೋರ್ಟ್ 2013ರ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ ಹೇಳಿದೆ. ಅದು ನಮ್ಮ ಮಹಾರಾಷ್ಟ್ರದ ಒಬ್ಬ ಶಿಕ್ಷಕಿಯ ಕೇಸು. ಅಂದರೆ ನೌಕರನಿಗೆ ಏನು ಸಿಗಬಹುದು ಅನ್ನುವುದರ ಲೆಕ್ಕ ಆಗಲೇ ಬಹಿರಂಗ ಇದೆ. ರಾಜಿಯ ಮೊತ್ತ ಗೊತ್ತಾದರೆ ಹೊಸದಾಗಿ ಆಕಾಶ ಬೀಳುವುದಿಲ್ಲ.

ಹಾಗಂತ ನೌಕರನ ಪೂರ್ತಿ ಫೈಲು ಸಿಗುತ್ತದೆ ಅಂದುಕೊಳ್ಳಬೇಡಿ. 2012ರಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೆಮೊ, ಶೋಕಾಸ್ ನೋಟಿಸು, ಶಿಕ್ಷೆಯ ಆದೇಶ ಇವೆಲ್ಲ ನೌಕರ ಮತ್ತು ಆಡಳಿತದ ನಡುವಿನ ವಿಷಯ, ದೊಡ್ಡ ಸಾರ್ವಜನಿಕ ಹಿತ ತೋರಿಸಿದರೆ ಮಾತ್ರ ಕೊಡಬಹುದು ಅಂತ ಹೇಳಿತು. ಮಾಹಿತಿ ಅಧಿಕಾರಿಗಳು ಎಲ್ಲದಕ್ಕೂ ಇದನ್ನೇ ಮುಂದೆ ಹಿಡಿಯುತ್ತಾರೆ. ಆದ್ದರಿಂದ ರಘು, ನಿಮ್ಮ ಪ್ರಶ್ನೆಯನ್ನು ವ್ಯಕ್ತಿಯಿಂದ ಬಿಡಿಸಿ. ಇಂಥವರ ಒಪ್ಪಂದದ ಪ್ರತಿ ಕೊಡಿ ಅನ್ನಬೇಡಿ. ಪಾಲಿಕೆಯ ಖರ್ಚಿನ ಬಗ್ಗೆ ಕೇಳಿ.

ಉಷಾ, ಸಾಯನ್

ಒಂದು ಕಡೆ ಎಲ್ಲರೂ ಮರೆತಿರಿ. ಹೆಂಗಸರು ಕೊಟ್ಟ ದೂರು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ವಿಷಯದಲ್ಲಿ ಏನು ಮಾಡುತ್ತೀರಿ? ಅಲ್ಲೂ ಮೊತ್ತ, ಕಾರಣ, ತಾರೀಕು ಎಲ್ಲ ಬೇಕು ಅಂದರೆ, ಚಿಕ್ಕ ವಾರ್ಡ್ ಆಫೀಸಿನಲ್ಲಿ ಆಕೆ ಯಾರು ಅಂತ ಹೇಳಲು ಹೆಸರೇ ಬೇಕಾಗಿಲ್ಲ.

ಪ್ರಭಾ, ವಕೀಲೆ, ಠಾಣೆ

ಉಷಾ, ಸರಿಯಾದ ಜಾಗದಲ್ಲಿ ಎತ್ತಿದಿರಿ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ಇದಕ್ಕೇ ಇದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಏನೇ ಇದ್ದರೂ ದೂರಿನ ವಿವರ, ದೂರುದಾರಳ, ಆರೋಪಿಯ, ಸಾಕ್ಷಿಗಳ ಹೆಸರು ವಿಳಾಸ, ರಾಜಿಯ ವಿವರ, ವಿಚಾರಣೆಯ ವಿವರ ಯಾವುದನ್ನೂ ಹೊರಗೆ ಹಾಕುವಂತಿಲ್ಲ. ಗುರುತು ಬಿಟ್ಟು, ಆಕೆಗೆ ನ್ಯಾಯ ಸಿಕ್ಕಿತು ಅನ್ನುವುದನ್ನು ಮಾತ್ರ ಹೇಳಬಹುದು.

ಅದೇ ಕಾಯ್ದೆಯ 10ನೇ ಕಲಮಿನಲ್ಲಿ ಇನ್ನೊಂದು ಮುಖ್ಯ ಮಾತಿದೆ. ರಾಜಿ ಆಗಬೇಕಾದರೆ ಆಕೆಯೇ ಕೇಳಬೇಕು, ಮತ್ತು ದುಡ್ಡು ಕೊಟ್ಟು ಮುಗಿಸುವುದು ಆ ರಾಜಿಯ ಆಧಾರ ಆಗಬಾರದು. ಹಾಗಾಗಿ ಯಾವುದಾದರೂ ಪಾಲಿಕೆ ಇಂಥ ದೂರಿಗೆ ದುಡ್ಡು ಕೊಟ್ಟು ರಾಜಿ ಮಾಡಿ ಗೋಪ್ಯ ಅಂದರೆ, ಮೊದಲ ತಪ್ಪು ಆ ರಾಜಿಯಲ್ಲೇ ಇದೆ.

ಉಷಾ, ಸಾಯನ್

ಥ್ಯಾಂಕ್ಸ್ ಮೇಡಂ. ದುಡ್ಡು ಆಧಾರ ಆಗಬಾರದು ಅನ್ನುವುದು ನಮ್ಮ ಆಫೀಸಿನಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇದನ್ನು ನಾಳೆ ನಮ್ಮ ಹುಡುಗಿಯರಿಗೆ ಕಳಿಸ್ತೀನಿ.

ಗಣೇಶ, ಪುಣೆ

ಪುಣೆಯಿಂದ ಒಂದು ಉಪಯೋಗದ ಸಂಗತಿ. ನಮ್ಮ ಪುಣೆ ಪಾಲಿಕೆಯಲ್ಲಿ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಯಾರು ಬೇಕಾದರೂ ಹೋಗಿ ಫೈಲು ನೋಡುವ ಪದ್ಧತಿ ಬಹಳ ಹಿಂದೆ ಶುರುವಾಯಿತು. 2018ರಲ್ಲಿ ರಾಜ್ಯ ಸರ್ಕಾರ ಅದನ್ನೇ ಮಾದರಿ ಮಾಡಿ ಬೇರೆ ಕಡೆಯ ಸ್ಥಳೀಯ ಸಂಸ್ಥೆಗಳಿಗೂ ಸುತ್ತೋಲೆ ಕಳಿಸಿತು. ರಘು ಸರ್, ಅಪೀಲಿನ ಜೊತೆಗೆ ಅದನ್ನೂ ಮಾಡಿ. ಲೆಕ್ಕಪತ್ರ ವಿಭಾಗದಲ್ಲಿ ಆ ವರ್ಷದ ಪಾವತಿ ವೋಚರು, ಸ್ಥಾಯಿ ಸಮಿತಿಯ ಠರಾವು (ನಿರ್ಣಯ) ನೋಡಲು ಕೇಳಿ. ಠರಾವಿನಲ್ಲಿ ವಿಷಯ, ಮೊತ್ತ ಎರಡೂ ಬರೆದಿರುವ ಸಾಧ್ಯತೆ ಜಾಸ್ತಿ.

ವಿಠ್ಠಲ, ಪರೇಲ್

ಗಣೇಶ ಹೇಳಿದ್ದು ಸರಿ. ಮುಂಬೈ ಪಾಲಿಕೆಯ 1888ರ ಕಾಯ್ದೆಯ 517ನೇ ಕಲಮಿನಲ್ಲೇ ಇದೆ. ದಾವೆಗಳನ್ನು ನಡೆಸುವುದು, ರಾಜಿ ಮಾಡುವುದು ಹೇಗೆ, ಆಯುಕ್ತರಿಗೆ ಸ್ಥಾಯಿ ಸಮಿತಿಯ ಒಪ್ಪಿಗೆ ಎಲ್ಲಿ ಬೇಕು ಅಂತ ಅಲ್ಲಿದೆ.

ಪ್ರಭಾ, ವಕೀಲೆ, ಠಾಣೆ

ಅದು ಬೃಹನ್ಮುಂಬೈಗೆ ಮಾತ್ರ. ರಘು ಹೇಳುತ್ತಿರುವುದು ಮುಂಬೈ ಹೊರಗಿನ ಪಾಲಿಕೆ. ಅದಕ್ಕೆ 1949ರ ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆ, 481ನೇ ಕಲಂ. ವಿಷಯ ಹೆಚ್ಚುಕಡಿಮೆ ಒಂದೇ, ಆದರೆ ಅರ್ಜಿಯಲ್ಲಿ ತಪ್ಪು ಕಾಯ್ದೆ ಬರೆದರೆ ಅದನ್ನೇ ನೆಪ ಮಾಡುತ್ತಾರೆ.

ಸದಾನಂದ, ನಿವೃತ್ತ ಮೇಷ್ಟ್ರು, ವಡಾಲಾ

ಸ್ಥಾಯಿ ಸಮಿತಿ ಅಂದಿರಿ. 2022ರ ಮಾರ್ಚ್‌ನಲ್ಲಿ ಮುಂಬೈ ಪಾಲಿಕೆಯ ಅವಧಿ ಮುಗಿದ ಮೇಲೆ ಸಮಿತಿಯೇ ಇರಲಿಲ್ಲ. ಎಲ್ಲ ಆಡಳಿತಾಧಿಕಾರಿಯ ಕೈಯಲ್ಲಿ. 2026ರ ಜನವರಿ 15ಕ್ಕೆ ರಾಜ್ಯದ 29 ಮಹಾನಗರಪಾಲಿಕೆಗಳಿಗೆ ಚುನಾವಣೆ ಆಯಿತು. ನಡುವಿನ ಆ ವರ್ಷಗಳಲ್ಲಿ ಪ್ರಸ್ತಾವ ತಂದವರೂ ಒಪ್ಪಿಗೆ ಕೊಟ್ಟವರೂ ಅಧಿಕಾರಿಗಳೇ. ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ನಗರಸೇವಕ (ಕಾರ್ಪೊರೇಟರ್) ಒಬ್ಬರೂ ಇರಲಿಲ್ಲ. ಅಂಥ ಕಾಲದ ಒಪ್ಪಂದಗಳನ್ನು ಜಾಸ್ತಿ ಗಮನ ಇಟ್ಟು ನೋಡಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ನನ್ನ ಆಕ್ಷೇಪ ನೌಕರನ ಮಾನದ ಬಗ್ಗೆ ಮಾತ್ರ.

ಶಶಿಕಲಾ, ಮುಲುಂಡ್

ಈಗ ನಗರಸೇವಕರು ಬಂದಿದ್ದಾರಲ್ಲ. ರಘು, ನಿಮ್ಮ ವಾರ್ಡಿನವರಿಗೆ ಒಂದು ಪತ್ರ ಕೊಡಿ. ಸಭೆಯಲ್ಲಿ ಕೇಳಲಿ. ಓಟು ಕೇಳಲು ನಾಲ್ಕನೇ ಮಹಡಿವರೆಗೂ ಹತ್ತಿ ಬಂದಿದ್ದರು.

ಸುಧಾಕರ, ಮಾಟುಂಗಾ

ಮೇಷ್ಟ್ರೇ, ವಿಷಯ ಬೇರೆ, ಆದರೂ ಕೇಳ್ತೀನಿ. ನೀವು ಪಾಲಿಕೆಯ ಕನ್ನಡ ಶಾಲೆಯಲ್ಲಿ ಇದ್ದವರಾ? ನಾನು ವಡಾಲಾದ ಕಡೆ ಪಾಲಿಕೆ ಶಾಲೆಯಲ್ಲೇ ಓದಿದ್ದು.

ಸದಾನಂದ, ನಿವೃತ್ತ ಮೇಷ್ಟ್ರು, ವಡಾಲಾ

ಹೌದಪ್ಪಾ. ಮುಂಬೈ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಎಂಟು ಭಾಷೆಯಲ್ಲಿ ಶಾಲೆ ನಡೆಸಿದೆ. ದೇಶದಲ್ಲಿ ಇಂಥ ಪಾಲಿಕೆ ಸಿಗುವುದು ಕಷ್ಟ. ಹೋಟೆಲ್ ಹುಡುಗರ ಮಕ್ಕಳು, ಸಫಾಯಿ ಕಾರ್ಮಿಕರ ಮಕ್ಕಳು, ಗೋದಿಯಲ್ಲಿ (ಬಂದರಿನಲ್ಲಿ) ದುಡಿಯುವವರ ಮಕ್ಕಳು ನಮ್ಮಲ್ಲಿ ಬರುತ್ತಿದ್ದರು. ಈಗ ಮಕ್ಕಳೇ ಇಲ್ಲ, ತರಗತಿಗಳು ಕಡಿಮೆಯಾಗುತ್ತಿವೆ. ನಿನ್ನ ಬ್ಯಾಚ್ ಯಾವುದು? ಬೇರೆಯಾಗಿ ಮೆಸೇಜ್ ಮಾಡು.

ಮಲ್ಲಣ್ಣ, ಚೆಂಬೂರು

ಕನ್ನಡ ಶಾಲೆಗಳ ಬಗ್ಗೆ ಬೇರೆಯೇ ಚರ್ಚೆ ಮಾಡೋಣ ಮೇಷ್ಟ್ರೇ, ಅದು ನನ್ನ ಮನಸ್ಸಿಗೂ ಬಹಳ ಹತ್ತಿರದ ವಿಷಯ. ಈಗ ರಘುವಿನ ಅಪೀಲು ಮುಗಿಸೋಣ.

ವೀಣಾ, ಅಂಧೇರಿ

ಬೇರೆ ದೇಶದಲ್ಲಿ ಹೇಗಿದೆ ಅಂತ ಹೇಳ್ತೀನಿ. ನಮ್ಮ ಅಕ್ಕ ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ಒಂದರ ನೌಕರಿಯಲ್ಲಿದ್ದಾಳೆ. ಅಲ್ಲಿ ನೌಕರರ ಜೊತೆ ಇಂಥ ಒಪ್ಪಂದ ಮಾಡುವುದು ಮಾಮೂಲು. 1996ರ ಉದ್ಯೋಗ ಹಕ್ಕುಗಳ ಕಾಯ್ದೆ ಪ್ರಕಾರ ಸಹಿ ಹಾಕುವ ಮೊದಲು ನೌಕರನಿಗೆ ಸ್ವತಂತ್ರ ಸಲಹೆಗಾರರ ಸಲಹೆ ಸಿಕ್ಕಿರಲೇಬೇಕು. ಇಲ್ಲದಿದ್ದರೆ ಆ ಕಾಯ್ದೆಯ ಹಕ್ಕುಗಳನ್ನು ಬಿಟ್ಟುಕೊಟ್ಟೆ ಅನ್ನುವ ಮಾತಿಗೆ ಬೆಲೆ ಇಲ್ಲ. ಮುಖ್ಯವಾದದ್ದು, ಕಚೇರಿಯ ಅಕ್ರಮವನ್ನು ಕಾನೂನು ಪ್ರಕಾರ ಬಯಲಿಗೆ ತರುವುದನ್ನು ಯಾವ ಗೋಪ್ಯತೆಯ ಷರತ್ತೂ ತಡೆಯಲು ಬರುವುದಿಲ್ಲ.

ಇನ್ನು ದುಡ್ಡಿನ ವಿಷಯ. ಅಲ್ಲಿನ ಕೌನ್ಸಿಲ್‌ಗಳು ವಾರ್ಷಿಕ ಲೆಕ್ಕಪತ್ರದಲ್ಲಿ, ಕೆಲಸ ಬಿಟ್ಟು ಹೋದವರಿಗೆ ಕೊಟ್ಟ ಮೊತ್ತಗಳನ್ನು ಹೆಸರಿಲ್ಲದೆ ತೋರಿಸುತ್ತವೆ. 20,000 ಪೌಂಡ್‌ವರೆಗೆ ಎಷ್ಟು ಜನ, 40,000ದವರೆಗೆ ಎಷ್ಟು ಜನ, ಹೀಗೆ. ಪ್ರತಿ ವರ್ಷ 30 ಕೆಲಸದ ದಿನ ಆ ಊರಿನವರು ಹೋಗಿ ಲೆಕ್ಕ, ಬಿಲ್ಲು, ಕರಾರು ನೋಡಬಹುದು. ಆದರೆ ನೌಕರರ ವೈಯಕ್ತಿಕ ವಿವರ ತೋರಿಸುವುದಿಲ್ಲ. ಉಷಾ, ಮೇಷ್ಟ್ರು ಇಬ್ಬರ ಆಕ್ಷೇಪಕ್ಕೂ ಇದು ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ.

ಕೃಷ್ಣ, ಘಾಟ್ಕೋಪರ್

ವೀಣಾ ಹೇಳಿದ್ದು ನನಗೆ ಒಪ್ಪಿಗೆ. ಒಟ್ಟು ಎಷ್ಟು ಜನ, ಯಾವ ಮಟ್ಟದ ಮೊತ್ತ, ಒಟ್ಟು ಖರ್ಚು. ಇದನ್ನು ಪ್ರತಿ ವರ್ಷ ಪಾಲಿಕೆಯೇ ಹಾಕಲಿ.

ರಘು, ಡೊಂಬಿವಲಿ

ಒಟ್ಟು ಲೆಕ್ಕ ಒಳ್ಳೆಯದೇ. ಆದರೆ ನಮ್ಮ ಚರಂಡಿಯ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ ಕೃಷ್ಣ ಅವರೇ. ಗುಮಾಸ್ತನಿಗೆ ಬಾಕಿ ಪಗಾರ ಕೊಡುವುದು ಬೇರೆ. ಕಾಮಗಾರಿಯ ಬಿಲ್ಲಿಗೆ ಸಹಿ ಹಾಕುವ ಅಧಿಕಾರಿಯ ಜೊತೆ ವಿಚಾರಣೆಯ ಫಲಿತಾಂಶವನ್ನೇ ಬದಿಗಿಟ್ಟು ರಾಜಿ ಮಾಡುವುದು ಬೇರೆ. ಹುದ್ದೆ ಮೇಲೆ ಹೋದ ಹಾಗೆ ಗುಟ್ಟಿನ ಹಕ್ಕು ಕಡಿಮೆ ಆಗಬೇಕು.

ಸದಾನಂದ, ನಿವೃತ್ತ ಮೇಷ್ಟ್ರು, ವಡಾಲಾ

ಅದನ್ನು ಒಪ್ಪಿದೆ. ಸಹಿ ಹಾಕುವ ಅಧಿಕಾರ ಇದ್ದವನು ಜವಾಬು ಕೊಡಬೇಕು.

ಗಣೇಶ, ಪುಣೆ

ರಘು ಸರ್, ಕೇಸು ಕೋರ್ಟಿನಲ್ಲಿ ಇರುವಾಗಲೇ ರಾಜಿ ಆದದ್ದು ಅಂದಿರಿ. ಹಾಗಿದ್ದರೆ ಕನ್ಸೆಂಟ್ ಟರ್ಮ್ಸ್, ಅಂದರೆ ಎರಡೂ ಕಡೆ ಒಪ್ಪಿದ ರಾಜಿ ಷರತ್ತು, ಕೋರ್ಟಿನ ಫೈಲಿನಲ್ಲೇ ಇರಬೇಕಲ್ವಾ?

ಪ್ರಭಾ, ವಕೀಲೆ, ಠಾಣೆ

ಒಳ್ಳೆಯ ಪ್ರಶ್ನೆ. ಕೋರ್ಟಿಗೆ ಸಲ್ಲಿಸಿದ್ದರೆ ಇರುತ್ತದೆ. ನಮ್ಮ ಬಾಂಬೆ ಹೈಕೋರ್ಟಿನಲ್ಲಿ ಕನ್ಸೆಂಟ್ ಟರ್ಮ್ಸ್ ತಗೊಂಡು ಎಕ್ಸ್ ಅಂತ ಗುರುತು ಹಾಕಿ ದಾಖಲೆಗೆ ಸೇರಿಸುವ ರೂಢಿ ಇದೆ. ಆದೇಶ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಒಮ್ಮೊಮ್ಮೆ ಷರತ್ತುಗಳು ಅದರಲ್ಲೇ ಇರುತ್ತವೆ. ಇಲ್ಲದಿದ್ದರೆ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ನೀವು ಕೇಸಿನಲ್ಲಿ ಇಲ್ಲದವರಾದ್ದರಿಂದ ಯಾಕೆ ಬೇಕು ಅಂತ ಕಾರಣ ಬರೆಯಬೇಕಾಗುತ್ತದೆ. ಕೋರ್ಟಿನ ದಾಖಲೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬೇಡಿ. ಕೋರ್ಟಿನ ನಿಯಮದ ದಾರಿಯಲ್ಲೇ ಬರಬೇಕು ಅಂತ 2020ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಕೇಸು ಸುಮ್ನೆ ವಾಪಸ್ ತಗೊಂಡು ಹೊರಗೆ ರಾಜಿ ಮಾಡಿಕೊಂಡಿದ್ದರೆ ಕೋರ್ಟಿನಲ್ಲಿ ಏನೂ ಸಿಗುವುದಿಲ್ಲ. ಆಗ ಪಾಲಿಕೆಯ ಕಾಗದವೇ ಗತಿ.

ವಿಠ್ಠಲ, ಪರೇಲ್

ಹೊಸ ಅರ್ಜಿಯೂ ಒಂದು ಹಾಕಿಸೋಣ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಒಳಗೆ ಇರಬೇಕು. ಶುಲ್ಕ 10 ರೂಪಾಯಿ. ನಾನು ಹೀಗೆ ಬರೆಯುತ್ತಿದ್ದೆ:

"ಇಂಥ ಆರ್ಥಿಕ ವರ್ಷದಲ್ಲಿ ಹಾಲಿ ಮತ್ತು ಮಾಜಿ ನೌಕರರ ಜೊತೆಗಿನ ಸೇವಾ ವಿವಾದಗಳನ್ನು ರಾಜಿಯಲ್ಲಿ ಮುಗಿಸಲು ಪಾಲಿಕೆ ಪಾವತಿಸಿದ ಪ್ರತಿ ಮೊತ್ತ, ಪಾವತಿಯ ತಾರೀಕು, ಖರ್ಚು ಹಾಕಿದ ಲೆಕ್ಕಶೀರ್ಷಿಕೆ, ಬಾಕಿ ಸಂಬಳ ಎಷ್ಟು ಮತ್ತು ಪರಿಹಾರ ಎಷ್ಟು ಎಂಬ ವಿಂಗಡಣೆ, ಒಪ್ಪಿಗೆ ನೀಡಿದ ಠರಾವು ಅಥವಾ ಆದೇಶದ ಪ್ರತಿ, ಕಾನೂನು ವಿಭಾಗ ನೀಡಿದ ಅಭಿಪ್ರಾಯದ ಪ್ರತಿ ಕೊಡಿ. ನೌಕರರ ಹೆಸರು, ವಿಳಾಸ, ಬ್ಯಾಂಕ್ ವಿವರ ಬೇಡ. 10ನೇ ಕಲಂ ಪ್ರಕಾರ ಅವನ್ನು ಮುಚ್ಚಿ ಕೊಡಬಹುದು."

ಪ್ರಭಾ, ವಕೀಲೆ, ಠಾಣೆ

ಚೆನ್ನಾಗಿದೆ. ಕಾನೂನು ಅಭಿಪ್ರಾಯ ಅನ್ನುವುದನ್ನು ತೆಗೆಯಿರಿ. ವಕೀಲರ ಸಲಹೆ ಅಂತ ಅದೊಂದನ್ನು ಹಿಡಿದು ಇಡೀ ಅರ್ಜಿ ತಳ್ಳುತ್ತಾರೆ. ಲೈಂಗಿಕ ಕಿರುಕುಳದ ದೂರಿನ ಪ್ರಕರಣಗಳನ್ನು ಬಿಟ್ಟು ಅಂತಲೂ ಒಂದು ಸಾಲು ಸೇರಿಸಿ. ಬಾಕಿ ಸಂಬಳ, ಪರಿಹಾರ ಬೇರೆ ಬೇರೆ ಕೇಳಿದ್ದು ಬಹಳ ಒಳ್ಳೆಯದು. ಮೇಷ್ಟ್ರ ಭಾವಮೈದನಂಥವರ ಮಾನ ಉಳಿಯುವುದು ಅಲ್ಲೇ.

ರಘು, ಡೊಂಬಿವಲಿ

ಎಲ್ಲರಿಗೂ ಥ್ಯಾಂಕ್ಸ್. ಅಪೀಲು ಈ ವಾರ ಹಾಕ್ತೀನಿ, ಹೊಸ ಅರ್ಜಿಯೂ ಜೊತೆಗೆ. ಕನ್ನಡದಲ್ಲಿ ಬರೆದರೆ ತಗೋತಾರಾ? ನನ್ನ ಮರಾಠಿ ಮಾತಿಗೆ ಸಾಕು, ಬರವಣಿಗೆಗೆ ಸಾಲದು.

ವಿಠ್ಠಲ, ಪರೇಲ್

ಇಲ್ಲ. 6ನೇ ಕಲಂ ಪ್ರಕಾರ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ. ಇಲ್ಲಿ ಮರಾಠಿ. ಮರಾಠಿಯಲ್ಲೇ ಹಾಕಿ, ಟೇಬಲ್‌ನಲ್ಲಿ ಕೂತವರು ಬೇಗ ಓದುತ್ತಾರೆ. ನಾನು ಬರೆದು ಕೊಡ್ತೀನಿ.

ಪ್ರಭಾ, ವಕೀಲೆ, ಠಾಣೆ

ಮೊದಲ ಅಪೀಲು ತಿರಸ್ಕಾರ ಆದರೆ 90 ದಿನದೊಳಗೆ ಎರಡನೆಯದು, ಮಾಹಿತಿ ಆಯೋಗದ ಕೊಂಕಣ ಪೀಠಕ್ಕೆ. ಅಲ್ಲಿ ಸಮಯ ಹಿಡಿಯುತ್ತದೆ, ಬಿಡಬೇಡಿ. ಮತ್ತೆ ಅಧಿಕಾರಿ ಆ ಇಂಜಿನಿಯರಿಗೆ 11ನೇ ಕಲಂ ಪ್ರಕಾರ ನೋಟಿಸು ಕೊಟ್ಟಿದ್ದರಾ ಅಂತ ಅಪೀಲಿನಲ್ಲಿ ಕೇಳಿ. ಮೂರನೇ ವ್ಯಕ್ತಿಗೆ ಹೇಳಿಕೊಳ್ಳಲು 10 ದಿನ ಇರುತ್ತದೆ. ಅವರನ್ನು ಕೇಳದೆಯೇ ಅವರ ಖಾಸಗಿತನದ ಹೆಸರಿನಲ್ಲಿ ನಿರಾಕರಿಸಿದ್ದರೆ ಅದನ್ನೂ ಬರೆಯಿರಿ.

ಸದಾನಂದ, ನಿವೃತ್ತ ಮೇಷ್ಟ್ರು, ವಡಾಲಾ

ಇದು ಸರಿಯಾಯಿತು. ಅವರನ್ನೂ ಒಂದು ಮಾತು ಕೇಳಲಿ. ಆ ಇಂಜಿನಿಯರೇ ಕೊಡಿ, ನನ್ನದೇನೂ ಅಡ್ಡಿಯಿಲ್ಲ ಅಂದರೆ ಪಾಲಿಕೆ ಏನು ಹೇಳುತ್ತದೆ?

ರಘು, ಡೊಂಬಿವಲಿ

ನೋಟಿಸಿನ ವಿಷಯ ಉತ್ತರದಲ್ಲಿ ಎಲ್ಲೂ ಇಲ್ಲ ಮೇಡಂ. ಅಪೀಲಿನ ಮೊದಲ ಅಂಶ ಇದೇ ಇರಲಿ. ವಿಠ್ಠಲ ಅಣ್ಣಾ, ಭಾನುವಾರ ಪರೇಲಿಗೆ ಬರಲಾ?

ವಿಠ್ಠಲ, ಪರೇಲ್

ಬನ್ನಿ. ಪಾಲಿಕೆಯ ಉತ್ತರದ ಮೂಲ ಪ್ರತಿ, ಅದು ಬಂದ ಕವರು ಎರಡನ್ನೂ ತನ್ನಿ. 30 ದಿನ ಎಣಿಸಲು ಕವರಿನ ಮೇಲಿನ ತಾರೀಕು ಬೇಕು.